ಚಿಮಣಿಯಿಲ್ಲದ ರೈಲು

ಇಂದು ಕಾದ ಅರಗಿನ ವಾಸನೆಗೆ ನಾಡಿನ ಅತಿ ಪುಟ್ಟ ಡೀಸೆಲ್ ಎಂಜಿನ್ ಕಾರ್ಖಾನೆ ನೆನಪಾಯಿತು. ಅದು ಚನ್ನಪಟ್ಟಣದಲ್ಲಿ, ಹಳಿ ಪಕ್ಕದ ನಮ್ಮ ಹಜಾರ. ಮಾಲೀಕಳೂ ಮುಖ್ಯ ಎಂಜಿನಿಯರೂ ಅವ್ವನೇ. ಹಾದುಹೋಗುವ ಎಂಜಿನ್ ನೋಡಿ ಮರದಲ್ಲಿ ಅದರ ಆಟಿಕೆ ಕಡೆದು, ಅರಗಿನ ಬಣ್ಣ ಹಚ್ಚುತ್ತಿದ್ದಳು.

ಪ್ಲಾಸ್ಟಿಕ್ ಆಟಿಕೆ ಬಂದು ಬೀದಿಯ ಆಟಿಕೆ ಮಾಡುವವರೆಲ್ಲ ಬಿಡದಿಯ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೊರಟಿದ್ದರು. ನಮಗೆ ಉಳಿದಿದ್ದವನು ಒಬ್ಬನೇ ವ್ಯಾಪಾರಿ.

“ಮೇಲೊಂದು ಚಿಮಣಿ ಇಕ್ಕಮ್ಮೋ. ಇಲ್ದಿದ್ರೆ ಮಕ್ಳಿಗೆ ರೈಲು ಅಂತ್ಲೇ ಗೊತ್ತಾಗಾಕಿಲ್ಲ, ನಾನೂ ತಗಳಾಕಿಲ್ಲ” ಎಂದ.

“ಡೀಸೆಲ್‌ಗೆ ಎಲ್ಲೈತಪ್ಪ ಚಿಮಣಿ? ತಗಳದಿದ್ರೆ ಬುಡು!” ಎಂದಳು ಅವ್ವ.

ಅವನು ಹೋದ. ಅವ್ವ ಎಂಜಿನುಗಳನ್ನು ಬುಟ್ಟಿಗೆ ತುಂಬಿ ಸ್ಟೇಷನ್ನಿಗೆ ನಡೆದಳು. ಪ್ಯಾಸೆಂಜರ್ ಕಿಟಕಿಯಿಂದ ಮಗುವೊಂದು ಕಿರುಚಿತು: “ಅಮ್ಮಾ, ನಮ್ ರೈಲು!” ಬುಟ್ಟಿ ಖಾಲಿಯಾಗಿ ಮನೆಗೆ ಬಂತು.

ಈಗ ಆ ಹಳಿಯಲ್ಲಿ ಕರೆಂಟ್ ರೈಲು. ಅವ್ವನ ಹೊಸ ಎಂಜಿನ್ನಿನ ನೆತ್ತಿಯ ಮೇಲೆ ತಂತಿ ಬಂದಿದೆ. ಚಿಮಣಿ ಇವತ್ತಿಗೂ ಬಂದಿಲ್ಲ.