ಕೇಳುವುದನ್ನು ಬಿಟ್ಟ ಸೊಸೆ

ಹೋದ ವಾರ ರಾಯಚೂರಿನಲ್ಲಿ ಬಸ್ಸಿಳಿದೆ. ಪಿಎಚ್‌.ಡಿ. ಸಂದರ್ಶನಕ್ಕೆಂದು ಬೇರೆ ಊರಿಗೆ ಹೊರಟವಳು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಬಜಾರಿನ ಕಡೆ ಕಾಲು ಹಾಕಿದೆ. ಒಂದು ಅಂಗಡಿಯ ಮುಂದೆ ಹಮಾಲರು ರಟ್ಟಿನ ಡಬ್ಬಿಗಳನ್ನು ಇಳಿಸುತ್ತಿದ್ದರು. ಒಂದರ ಬಾಯಿ ಬಿಚ್ಚಿದ್ದೇ ತಡ, ಒಣಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ದಾಟಿ ಹೋಗುವವರಿಗೆ ಅದು ಬರೀ ಹುಲ್ಲು. ಆ ಹುಲ್ಲಿನೊಳಗೆ ಗಾಜಿನ ಬಳೆಗಳಿವೆ ಎಂದು ನನಗೆ ನೋಡದೆಯೇ ಗೊತ್ತಾಯಿತು. ಬಳೆ ಎಂದರೆ ನನಗೆ ಅತ್ತೆ. ನೀವೂ ಒಂದು ಗಳಿಗೆ ನಿಲ್ಲಿ, ಅವರ ಬಗ್ಗೆ ಹೇಳುತ್ತೇನೆ.

ಅತ್ತೆಯದು ಮಾನ್ವಿಯಲ್ಲಿ ಬಳೆ ಅಂಗಡಿ. ಗಂಡ ತೀರಿದಾಗ ಇಬ್ಬರು ಗಂಡುಮಕ್ಕಳೂ ಸಣ್ಣವರು. ಅಂದಿನಿಂದ ಅಂಗಡಿ ನಡೆಸಿದ್ದು ಅವರೇ. ಸುತ್ತಲಿನ ಹಳ್ಳಿಯ ಹೆಂಗಸರಿಗೆಲ್ಲ ಅವರು 'ಬಳಿ ಬೂಬವ್ವ', ಬಳೆ ಇಡಿಸುವ ಬೂಬವ್ವ. ಎಂಥ ಬಿಗಿ ಕೈಯಾದರೂ ಸರಿ, ತವರುಮನೆಯ ಸುದ್ದಿ ಕೇಳುತ್ತ ಕೇಳುತ್ತ ಬಳೆ ಏರಿಸಿಬಿಡುತ್ತಿದ್ದರು. ಕೈ ಕೊಟ್ಟವಳು ನೋವಾಯಿತೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಡಜನ್ ಮುಗಿದಿರುತ್ತಿತ್ತು. ನಮ್ಮ ಮನೆಮಾತು ದಖನಿ, ನಮ್ಮ ಕಡೆಯ ಉರ್ದು. ಆದರೆ ಅಂಗಡಿಯ ಕಟ್ಟೆ ಹತ್ತಿದರೆಂದರೆ ಅತ್ತೆಯ ಬಾಯಲ್ಲಿ ಕನ್ನಡವೇ. ಸೊಸೆಯನ್ನು ಬೈಯುವುದನ್ನೂ ಕನ್ನಡದಲ್ಲೇ ಬೈಯುತ್ತಿದ್ದರು, ನ್ಯಾಯ ಯಾವ ಕಡೆ ಇದೆಯೆಂದು ಗಿರಾಕಿಗಳಿಗೂ ತಿಳಿಯಲಿ ಎಂದು.

ಆ ಸೊಸೆ ನಾನು. ಹುಟ್ಟಿದ್ದು ದೇವದುರ್ಗದಲ್ಲಿ. ಬಿ.ಎ. ಮುಗಿಸಿದ್ದೂ ಅಲ್ಲೇ, ಕನ್ನಡ ತೆಗೆದುಕೊಂಡು. ಎಂ.ಎ. ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಮಾನ್ವಿಯಿಂದ ಸಂಬಂಧ ಬಂತು, ನಿಕಾಹ್ ಆಯಿತು, ವರ್ಷ ತುಂಬುವುದರೊಳಗೆ ಮಗಳು ಹುಟ್ಟಿದಳು. ಓದುವ ಆಸೆ ಆರಿಹೋಗಿದೆ ಎಂದು ನಾನೂ ತಿಳಿದಿದ್ದೆ. ಮಗಳನ್ನು ಒಂದನೇ ತರಗತಿಗೆ ಸೇರಿಸಿ ವಾಪಸು ಬರುವಾಗ ಕಣ್ಣಲ್ಲಿ ನೀರು ಬಂತು. ಮಗಳನ್ನು ಬಿಟ್ಟು ಬಂದ ದುಃಖವೆಂದು ಗಂಡ ಸಮಾಧಾನ ಮಾಡಿದರು. ನಿಜ ಹೇಳಬೇಕೆಂದರೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಗಿತ್ತು.

ಅವತ್ತಿನಿಂದ ಕದ್ದು ಓದತೊಡಗಿದೆ. ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಹಿಂದೆ ತೆರೆದಿಟ್ಟು, ಬಳೆ ಇಡಿಸುತ್ತಲೇ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಸಂಧಿಗಳ ಹೆಸರು ಗುನುಗುತ್ತಿದ್ದೆ, ಲೋಪ, ಆಗಮ, ಆದೇಶ ಎಂದು. ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ ಮುದುಕಿಯೊಬ್ಬಳು ನನ್ನ ತುಟಿಯನ್ನೇ ನೋಡಿದಳು. ಬೀಬಿ ಏನೋ ದುವಾ ಓದುತ್ತಿದ್ದಾಳೆ ಎಂದುಕೊಂಡು, ಕೂಸಿಗೆ ಎರಡು ದಿನದಿಂದ ಜ್ವರ, ಇದರ ಮೇಲೂ ಒಂದಿಷ್ಟು ಓದಿ ಊದವ್ವಾ ಎಂದು ಮಗುವನ್ನು ಮುಂದೆ ಹಿಡಿದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಬೇರೆ ದಾರಿ ಕಾಣದೆ ಮೂರೂ ಸಂಧಿಗಳನ್ನು ಹೇಳಿ ಊದಿದೆ. ಮುಂದಿನ ವಾರ ಆಕೆ ಸಕ್ಕರೆ ಹಿಡಿದುಕೊಂಡು ಬಂದಳು. ಕನ್ನಡ ವ್ಯಾಕರಣದಿಂದ ಜ್ವರ ಇಳಿದದ್ದು ಅದೊಂದೇ ಸಲವಿರಬೇಕು.

ಎಂ.ಎ. ಪ್ರವೇಶಕ್ಕೆ ಅರ್ಜಿ ಕರೆದಿದ್ದಾರೆಂದು ದೇವದುರ್ಗದ ಗೆಳತಿ ಫೋನ್ ಮಾಡಿದಳು. ತರಗತಿಗಳು ರಾಯಚೂರಿನ ಆಚೆ, ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಗಂಡನನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ, ಅಮ್ಮನನ್ನು ಕೇಳು ಅಂದರು. ಅತ್ತೆಯನ್ನು ಕೇಳಿದೆ. ಅವನನ್ನು ಕೇಳು ಅಂದರು. ಮತ್ತೆ ಗಂಡನ ಹತ್ತಿರ ಹೋದೆ. ಹೀಗೆ ಒಂದು ತಿಂಗಳು ಇಬ್ಬರ ನಡುವೆ ನಡೆದಾಡಿದೆ. ಅರ್ಜಿಯ ಕಡೆಯ ದಿನ ಹತ್ತಿರ ಬಂತು. ಆ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಈ ಮನೆಯಲ್ಲಿ ಇಲ್ಲ ಎಂದು ಯಾರೂ ಅಂದಿಲ್ಲ. ನಾನೇ ಕೇಳುತ್ತ ನಿಂತಿದ್ದೇನೆ. ರೊಟ್ಟಿ ಮುಗಿಸಿ, ಮಗಳನ್ನು ಶಾಲೆಗೆ ಬಿಟ್ಟು, ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿ ಹಾಕಿಬಿಟ್ಟೆ.

ಮುಂದೆ ಪ್ರವೇಶ ಪರೀಕ್ಷೆಯೂ ಆಯಿತು. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಹೋದೆ, ನಿಜಕ್ಕೂ ತವರಿಗೆ ಹೋಗಿಯೇ ಬಂದೆ. ನಡುವೆ ಪರೀಕ್ಷೆ ಬರೆದೆ ಅಷ್ಟೆ. ಸೀಟು ಹಂಚುವ ದಿನ ಗೊತ್ತಾದಾಗ ಮಾತ್ರ ಕ್ಯಾಲೆಂಡರನ್ನು ಎರಡು ಸಲ ನೋಡಿದೆ. ನಾಗರಪಂಚಮಿಯ ಹಿಂದಿನ ದಿನ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದವರೆಲ್ಲ ಹೊಸ ಬಳೆ ಇಡಿಸಿಕೊಳ್ಳಲೇಬೇಕು. ಆವತ್ತು ಅಂಗಡಿಯಲ್ಲಿ ನೀರು ಕುಡಿಯಲೂ ಬಿಡುವಿರುವುದಿಲ್ಲ.

ಮೂರು ದಿನ ಮುಂಚೆ ಅಂಗಡಿಯಲ್ಲೇ ಬಾಯಿ ಬಿಟ್ಟೆ. ಅತ್ತೆ, ಗಂಡ, ಜೊತೆಗೆ ರಾಯಚೂರಿನಿಂದ ಮಾಲು ತಂದಿದ್ದ ಗಂಡನ ಅಣ್ಣ, ನನ್ನ ಭಾವ, ಮೂವರೂ ಇದ್ದರು. ಕಟ್ಟೆಯ ಮೇಲೆ ಇಬ್ಬರು ಗಿರಾಕಿಗಳೂ ಇದ್ದರು. ಪಂಚಮಿಯ ಹಿಂದಿನ ದಿನ ನಾನು ಯರಗೇರಾಕ್ಕೆ ಹೋಗುತ್ತೇನೆ, ಎಂ.ಎ.ಗೆ ಸೇರುತ್ತೇನೆ ಅಂದೆ. ಅತ್ತೆ ತಲೆ ಎತ್ತಲಿಲ್ಲ.

"ಈಗ ಕೇಳಾಕತ್ತೀಯೇನು?"

"ಇಲ್ಲಮ್ಮೀ. ಕೇಳೋದಾತು. ಈಗ ಹೇಳಾಕತ್ತೀನಿ."

ಗಂಡ ಬಳೆಯ ಡಬ್ಬಿಗಳನ್ನು ಜೋಡಿಸತೊಡಗಿದರು. ಅವು ಮೊದಲೇ ಜೋಡಿಸಿದ್ದವು. ಅತ್ತೆಗೆ ಸಿಟ್ಟು ಬಂದದ್ದು ಓದಿನ ಮೇಲಲ್ಲ ಎಂದು ನನಗೆ ಆಗ ಅರ್ಥವಾಯಿತು. ಈ ಅಂಗಡಿಯಿಂದ ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ, ಸಾಲ ಮಾಡದೆ ಮನೆ ಕಟ್ಟಿಸಿದ್ದೇನೆ, ನಿನಗೆ ಇದು ಸಣ್ಣದಾಗಿ ಕಂಡಿತೇ ಎಂದು ಕೇಳಿದರು. ಅಂಗಡಿ ನನಗೆ ಎಂದೂ ಸಣ್ಣದಾಗಿ ಕಂಡಿರಲಿಲ್ಲ. ಸಾಲಲಿಲ್ಲ ಅಷ್ಟೆ.

ಭಾವ ಸುಮ್ಮನಿದ್ದಿದ್ದರೆ ಆ ಸಿಟ್ಟೆಲ್ಲ ನನ್ನ ಮೇಲೇ ಬೀಳುತ್ತಿತ್ತೇನೋ. ಅವರು ನಡುವೆ ಬಾಯಿ ಹಾಕಿದರು. "ನಮ್ಮ ಮನಿ ಹೆಣ್ಮಕ್ಕಳು ದಿನಾ ಹೊರಗ ತಿರುಗಿದ್ರ ನಾಕು ಮಂದಿ ಏನಂತಾರ?"

ಅತ್ತೆಯ ಕೈಯಲ್ಲಿ ಗಿರಾಕಿಯ ಕೈ ಇತ್ತು. ಅರ್ಧ ಏರಿದ ಬಳೆಯನ್ನು ಹಾಗೇ ಹಿಡಿದು ಹಿರಿಮಗನನ್ನು ನೋಡಿದರು.

"ನಿಮ್ಮಪ್ಪ ಹೋದಾಗ ನಿಮ್ಮ ಮಾಮುಗಳು ಇದೇ ಮಾತು ಅಂದ್ರು. ಇದ್ದತ್ತು ಮುಗಿದ ಮರುದಿನ ನಾ ಬಂದು ಇದೇ ಶಟರ್ ಎತ್ತಿದೆ. ಆ ನಾಕು ಮಂದಿ ಯಾರಂತ ಇವತ್ತಿಗೂ ನನಗ ಗೊತ್ತಾಗಿಲ್ಲ."

ಇದ್ದತ್ತು ಎಂದರೆ ಗಂಡ ತೀರಿದ ಹೆಂಗಸು ಮನೆಯೊಳಗೇ ಇರಬೇಕಾದ ತಿಂಗಳುಗಳು. ಅದು ಮುಗಿದ ಮರುದಿನವೇ ಅವರು ಬಜಾರಿಗೆ ಬಂದಿದ್ದ ಸಂಗತಿ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಭಾವ ಮಾಲಿನ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ನನಗೆ ಅತ್ತೆಯ ಕೈ ಹಿಡಿದುಕೊಳ್ಳಬೇಕೆನಿಸಿತು. ಅವರು ಆ ಅವಕಾಶ ಕೊಡಲಿಲ್ಲ. ನನ್ನ ಕಡೆ ತಿರುಗಿ, "ನಾ ಹೂಂ ಅಂದಿಲ್ಲ ಮತ್ತ" ಅಂದರು. ನಾನೂ ಹೂಂ ಅನ್ನಿ ಎಂದು ಕೇಳಲಿಲ್ಲ.

ಸೀಟು ಹಂಚುವ ದಿನ ಬೆಳಿಗ್ಗೆ ಗಂಡ ತಾವೇ ಗಾಡಿ ತೆಗೆದು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ರಾಯಚೂರಿನಲ್ಲಿ ಬಸ್ಸು ಬದಲಿಸಿ ಯರಗೇರಾ ಮುಟ್ಟಿದೆ. ಸಾಲಿನಲ್ಲಿ ನಿಂತಾಗ, ಮಗಳ ಜೊತೆ ಬಂದಿದ್ದ ಒಬ್ಬ ಹಿರಿಯರು ನನ್ನ ಬುರ್ಖಾ ನೋಡಿ, ಪ್ರೀತಿಯಿಂದಲೇ, ಉರ್ದುವಿನ ಸಾಲು ಬೇರೆ ಇರಬೇಕು ನೋಡವ್ವಾ ಅಂದರು.

"ನಿಮಗ ಉರ್ದು ಬೇಕಾಗಿತ್ತೇನ್ರೀ? ಕೇಳಿ ನೋಡ್ರಿ. ನಾ ಕನ್ನಡಕ್ಕ ಬಂದೀನಿ."

ಅವರ ಮಗಳು ನಕ್ಕುಬಿಟ್ಟಳು. ಎರಡು ವರ್ಷ ನನ್ನ ಪಕ್ಕದಲ್ಲೇ ಕೂತದ್ದು ಅವಳೇ.

ಸೀಟು ಸಿಕ್ಕಿತು. ಸಂಜೆ ಮಾನ್ವಿಯಲ್ಲಿ ಇಳಿದವಳು ಮನೆಗೆ ಹೋಗದೆ ನೆಟ್ಟಗೆ ಅಂಗಡಿಗೆ ಹೋದೆ. ಕಟ್ಟೆಯ ತುಂಬ ಹೆಂಗಸರು. ಅತ್ತೆ ಏನೂ ಕೇಳಲಿಲ್ಲ, ಸ್ವಲ್ಪ ಸರಿದು ಜಾಗ ಮಾಡಿದರು. ಕೂತು ಬಳೆ ಇಡಿಸತೊಡಗಿದೆ. ಕ್ಷಮೆ ಕೇಳಲಿಲ್ಲ. ಕೇಳುವಂಥದ್ದೇನೂ ಮಾಡಿರಲಿಲ್ಲ.

ಆ ಎರಡು ವರ್ಷ ಹೇಗೆ ಕಳೆದವೆಂದು ಕೇಳಿದರೆ, ಸುಸ್ತಾಗಿ ಕಳೆದವು ಎನ್ನಬೇಕು. ಅನ್ನ ಸೀದಿದೆ, ಮಗಳು ಎರಡು ಬಣ್ಣದ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋಗಿದ್ದಾಳೆ. ಬಸ್ಸಿನಲ್ಲಿ ಹೋಗುವಾಗ ಓದುತ್ತಿದ್ದೆ, ಬರುವಾಗ ಪಕ್ಕದವರ ಹೆಗಲಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದೆ. ಮಟಮಾರಿಯ ಒಬ್ಬ ಹೆಂಗಸು ನನ್ನನ್ನು ಎಬ್ಬಿಸಬಾರದೆಂದು ತನ್ನ ಊರು ದಾಟಿ ಬಂದುಬಿಟ್ಟಿದ್ದಳು. ಅತ್ತೆ ಒಂದು ದಿನವೂ ಹೂಂ ಅನ್ನಲಿಲ್ಲ. ಆದರೆ ಮಗಳಿಗೆ ಮಧ್ಯಾಹ್ನದ ಊಟ ಎಂದೂ ತಪ್ಪಲಿಲ್ಲ.

ಇರಲಿ, ಸಂದರ್ಶನದ ಮಾತಿಗೆ ಬರುತ್ತೇನೆ. ದೊಡ್ಡ ಮೇಜಿನ ಆಚೆ ಐದು ಜನ. ಒಬ್ಬರು, ಮನೆ, ಮಗಳು, ಅಂಗಡಿ ಇವೆಲ್ಲದರ ನಡುವೆ ಸಂಶೋಧನೆ ಹೇಗೆ ಮಾಡುತ್ತೀರಿ ಎಂದು ಕೇಳಿದರು.

"ನನಗಿಂತ ಮುಂಚೆ ಒಳಗ ಬಂದ ಅಣ್ಣಾರಿಗೂ ಇಬ್ಬರು ಮಕ್ಕಳದಾರ್ರಿ ಸರ್. ಹೊರಗ ಕುಂತಾಗ ಹೇಳ್ತಿದ್ರು. ಅವರಿಗೂ ಇದನ್ನ ಕೇಳಿದ್ರೇನ್ರೀ?"

ಕೇಳಿದವರು ಮುಂದಿದ್ದ ಕಾಗದ ತಿರುವಿದರು. ಸೀಟು ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಕೊನೆಗೆ ಇನ್ನೊಬ್ಬರು ಸಂಶೋಧನೆಯ ವಿಷಯದ ಬಗ್ಗೆ ಕೇಳಿದರು. ನನ್ನದು ನಮ್ಮ ಬಜಾರಿನ ಕನ್ನಡ, ಅದರೊಳಗೆ ಕಲೆತುಹೋದ ದಖನಿ ಮಾತುಗಳು. ಮಾತಾಡತೊಡಗಿದೆ. ಸಾಕು ಅನ್ನುವವರೆಗೂ ನಿಲ್ಲಿಸಲಿಲ್ಲ. ಎರಡನೇ ಸಲ ಸಾಕು ಅಂದಮೇಲೆ ನಿಲ್ಲಿಸಿದೆ.

ಆಯ್ಕೆಯಾದ ಸುದ್ದಿ ನಿನ್ನೆ ಬಂತು. ಊಟದ ಹೊತ್ತಿಗೆ ಹೇಳಿದೆ, ಅಕ್ಕಿ ಮುಗಿದಿದೆ ಎಂದು ಹೇಳುವ ದನಿಯಲ್ಲೇ. ವಾರಕ್ಕೆ ಮೂರು ದಿನ ಆ ಊರಿನಲ್ಲೇ ಉಳಿಯಬೇಕಾಗುತ್ತದೆ ಎಂಬುದನ್ನೂ ಸೇರಿಸಿದೆ. ಗಂಡ ಈ ಸಲ ಅಮ್ಮನ ಮುಖ ನೋಡಲಿಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಅತ್ತೆ ಊಟ ಮುಗಿಸಿ ಕೈ ತೊಳೆಯಲು ಎದ್ದರು.

ಇವತ್ತು ಬೆಳಿಗ್ಗೆ ಪ್ರವೇಶ ಪಡೆಯಲು ಹೊರಟವಳು ಅಂಗಡಿಯ ಮುಂದೆಯೇ ಹಾದೆ. ಅತ್ತೆ ನನ್ನನ್ನು ನೋಡಲಿಲ್ಲ. ಸೊಸೆ ಎಲ್ಲೂ ಕಾಣುವುದಿಲ್ಲವಲ್ಲ ಎಂದು ಗಿರಾಕಿಯೊಬ್ಬಳು ಕೇಳುತ್ತಿದ್ದಳು.

"ಓದಾಕ ಹೊಂಟಾಳ. ಯಾರ ಮಾತೂ ಕೇಳಂಗಿಲ್ಲ ಆಕಿ."

ಅದು ದೂರೋ ಹೆಮ್ಮೆಯೋ ದನಿಯಿಂದ ತಿಳಿಯಲಿಲ್ಲ. ಹಿಂದಿನ ನಾನಾಗಿದ್ದರೆ ಮರಳಿ ಹೋಗಿ ಕೇಳುತ್ತಿದ್ದೆ. ಬಸ್ಸು ಬರುವ ಹೊತ್ತಾಗಿತ್ತು, ನಡೆದೆ.