ಏಳನೇ ದಿನದ ಸ್ಕ್ಯಾನ್

ಆನವಟ್ಟಿಯ ಗಂಗಾಶ್ರೀ ಹದಿನಾಲ್ಕು ವರ್ಷಗಳಿಂದ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ತಟ್ಟುತ್ತಿದ್ದಾಳೆ. ಮನೆ ಮುಂದಿನ ರೊಟ್ಟಿ ಅಂಗಡಿಯ ಬೋರ್ಡಿನ ಮೇಲಿರುವುದು ಗಂಡ ಸಿದ್ಧಲಿಂಗೇಶನ ಹೆಸರು. ಎಡಗಾಲು ಮಡಚಿ ಒಲೆಯ ಮುಂದೆ ಕೂತರೆ ನಡುವೆ ಏಳುವಂತಿಲ್ಲ.

ಆ ಸೋಮವಾರ ಎಡ ಮೀನಖಂಡ ಬಾತು ಬಿಗಿದುಕೊಂಡಿತ್ತು. ಸಿದ್ಧಲಿಂಗೇಶ್ ಬೈಕಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಕರೆತಂದ.

"ತುಂಬಾ ಹೊತ್ತು ಕೂತಿರ್ತೀರೇನಮ್ಮ?" ತುರ್ತು ವಿಭಾಗದ ಡಾಕ್ಟರ್ ಶಶಿರೇಖಾ ಕೇಳಿದರು.

"ಅಯ್ಯೋ, ಇಲ್ರೀ!" ಗಂಗಾಶ್ರೀಗೆ ಗಾಬರಿ. ಅತ್ತೆ ಬಸವಣ್ಣೆಮ್ಮನ ಬಾಯಲ್ಲಿ ಕೂತಿರುವವಳೆಂದರೆ ಸೋಮಾರಿ ಸೊಸೆ.

"ಮನೇಲೇ ಇರ್ತಾಳ್ರೀ. ರೊಟ್ಟಿ ತಟ್ಟೋದು, ಅಷ್ಟೇ," ಎಂದ ಗಂಡ.

"ಹೆಂಗೆ ತಟ್ತೀರಿ, ತೋರಿಸಿ."

ಅವಳು ಮಂಚದ ಮೇಲೇ ಕಾಲು ಮಡಚಿ ತೋರಿಸಿದಳು.

"ಹಿಂಗೆ ಎಷ್ಟು ಹೊತ್ತು?"

"ಐದು ತಾಸು ರೀ."

ಡಾಕ್ಟರ್ ಪುಟ್ಟ ಸ್ಕ್ಯಾನ್ ಯಂತ್ರವನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡರು. ತೊಡೆಸಂದಿಗೂ ಮೊಣಕಾಲ ಹಿಂದಕ್ಕೂ ಜೆಲ್ ಸವರಿ ಒತ್ತಿದರು. ಪರದೆಯ ಮೇಲೆ ರಕ್ತನಾಳದ ಕಪ್ಪು ವೃತ್ತ ಚಪ್ಪಟೆಯಾಯಿತು.

"ರಕ್ತ ಹೆಪ್ಪುಗಟ್ಟಿದ್ರೆ ಹಿಂಗೆ ಚಪ್ಪಟೆ ಆಗಲ್ಲ. ಇವತ್ತಂತೂ ಕಾಣ್ತಿಲ್ಲ. ಆದ್ರೆ ಕೆಳಗೆ ಮೀನಖಂಡದಲ್ಲಿ ಸಣ್ಣ ಹೆಪ್ಪಿದ್ರೆ ಬೆಳೆದು ಮೇಲೆ ಬರಬಹುದು. ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ. ಮುಂದಿನ ಸೋಮವಾರ ಮತ್ತೆ ನೋಡಲೇಬೇಕು. ಉಸಿರು ಕಟ್ಟಿದ್ರೆ ಆಗಲೇ ಬಂದ್ಬಿಡಿ."

ಮನೆಗೆ ತಲುಪಿದ್ದು ಡಾಕ್ಟರ್ ಮಾತಿನ ಮೊದಲರ್ಧ ಮಾತ್ರ. "ಏನೂ ಇಲ್ವಂತವ್ವ," ಎಂದ ಗಂಡ. "ನಾ ಹೇಳಿರ್ಲಿಲ್ವಾ?" ಎಂದು ಅತ್ತೆ ಹಿಟ್ಟಿನ ಡಬ್ಬಿಯನ್ನು ಸೊಸೆಯ ಕಡೆ ಸರಿಸಿದಳು.

ಆ ವಾರವೆಲ್ಲ ಗಂಗಾಶ್ರೀಗೆ ನೆಮ್ಮದಿಯಿಲ್ಲ. ರೊಟ್ಟಿ ಉಬ್ಬುವಷ್ಟರಲ್ಲಿ ಮೀನಖಂಡ ಒತ್ತಿ ನೋಡುವಳು. ನೀರಿನ ಕೊಡ ಇಳಿಸಿ ಉಸಿರು ಆಲಿಸುವಳು. ಬಾವು ಹೆಚ್ಚಿತೋ, ತನ್ನ ಭ್ರಮೆಯೋ?

ಸೋಮವಾರ ಗೃಹಪ್ರವೇಶದವರಿಗೆ ನಾನೂರು ರೊಟ್ಟಿ ಬೇಕಿತ್ತು. "ನಾಳೆ ಹೋದ್ರಾಯ್ತು ಬಿಡು," ಎಂದು ಸಿದ್ಧಲಿಂಗೇಶ್ ಸಂತೆಗೆ ಹೊರಟ. ನೂರು ತಟ್ಟಿದವಳು ಕೈ ತೊಳೆದು, ಕುಂಟುತ್ತ ಬಸ್ ನಿಲ್ದಾಣಕ್ಕೆ ನಡೆದಳು.

ಈ ಸಲವೂ ಏನೂ ಇಲ್ಲವೆಂದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಏನಾದರೂ ಸಿಗಲಿ ಎಂದು ಮನಸ್ಸು ಬಯಸಿತು. ಬಯಸಿದ್ದಕ್ಕೆ ತಾನೇ ಬೆಚ್ಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊಣಕಾಲ ಹಿಂದೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ವೃತ್ತ ಚಪ್ಪಟೆಯಾಗಲಿಲ್ಲ.

"ಹೆಪ್ಪು ಕಟ್ಟಿದೆಯಮ್ಮ. ಬಂದಿದ್ದು ಒಳ್ಳೇದಾಯ್ತು. ಇಂಜೆಕ್ಷನ್ ಈಗಲೇ ಕೊಡೋಣ, ಇವತ್ತು ಇಲ್ಲೇ ಇರಿ."

ಫೋನ್ ಬಡಿದುಕೊಂಡಿತು, ಗಂಡನದು. "ಎಲ್ಲಿದೀಯೇ? ಗೃಹಪ್ರವೇಶದವ್ರು ಬಂದು ನಿಂತಾರೆ!"

"ಕಾಲಲ್ಲಿ ರಕ್ತ ಹೆಪ್ಪುಗಟ್ಟೈತಿ ರೀ. ನಾ ಇಲ್ಲೇ ಇರ್ತೀನಿ."

"ಮತ್ತೆ ರೊಟ್ಟಿ?"

ನರ್ಸ್ ಸಿರಿಂಜ್ ಹಿಡಿದು ಕಾಯುತ್ತಿದ್ದಳು.

"ಅದು ನಂಗೊತ್ತಿಲ್ಲ," ಎಂದು ಗಂಗಾಶ್ರೀ ಫೋನ್ ಇಟ್ಟಳು.