ಕೊಟ್ಟವರ ಹೆಸರು

ವೈಟ್‌ಫೀಲ್ಡ್ ಆಚೆಯ ನಮ್ಮ ಸರ್ಕಾರಿ ಹೈಸ್ಕೂಲಿನ ಒಂಬತ್ತನೇ ತರಗತಿಯ ಪ್ರತಿಯೊಬ್ಬರಿಗೂ ಕಂಪನಿಯೊಂದು ಲ್ಯಾಪ್‌ಟಾಪ್ ಕೊಟ್ಟಿತು. ಮಕ್ಕಳು ಮನೆಗೂ ಒಯ್ಯಬಹುದು ಎಂದರು. ಮನೆ ಎಂದರೆ ಬಹಳ ಜನರಿಗೆ ತಗಡಿನ ಶೆಡ್ಡು; ಬಾಗಿಲಿಗೆ ಚಿಲಕವಿದ್ದರೆ ಅದೇ ದೊಡ್ಡದು. ಕಳುವಾದರೆ ಯಾರ ತಲೆಗೆ? ಇನ್ಯಾರ ತಲೆಗೆ, ಮೇಷ್ಟರುಗಳ ತಲೆಗೇ.

ಹೆಡ್‌ಮಿಸ್ ಉಪಾಯ ಹೇಳಿದರು. "ಪಾತ್ರೆಗೆ ಹಾಕಿಸ್ತೀವಲ್ಲ, ಹಂಗೆ ಹೆಸ್ರು ಕೆತ್ತಿಸ್ಬಿಡೋಣ ಕಣ್ರೀ. ಆಮೇಲೆ ಯಾವ ಕಳ್ಳ ಮಾರ್ತಾನೋ ನೋಡೋಣ." ಪಾತ್ರೆ ಅಂಗಡಿಯವನು ಮಷಿನ್ ಸಮೇತ ಬಂದು ಸ್ಟಾಫ್ ರೂಮಿನಲ್ಲಿ ಕೂತ. ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಡಬ್ಬಿಯ ಮೇಲೆ ಯಾರ ಹೆಸರಿರುತ್ತದೆ? ಕೊಟ್ಟವರದು. ಇಲ್ಲೂ ಹಾಗೇ: ಮೇಲೆ ಕಂಪನಿ, ಕೆಳಗೆ ಶಾಲೆ. ಯಾರಿಗೂ ಏನೂ ಅನ್ನಿಸಲಿಲ್ಲ. ಆ ಕಿರ್ರೆನ್ನುವ ಸದ್ದಿಗೆ ನನಗೆ ತಲೆನೋವು ಬಂತು, ಅಷ್ಟೇ.

ನನ್ನ ಕ್ಲಾಸಿನಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ. ಲ್ಯಾಪ್‌ಟಾಪನ್ನು ಹಳೇ ಸೀರೆಯಲ್ಲಿ ಸುತ್ತಿ ತರುತ್ತಿದ್ದಳು. ಟೈಪಿಂಗ್ ಕಲಿತು, ಅಜ್ಜಿಯಿಂದ ಕೇಳಿದ ಕಥೆಗಳನ್ನೆಲ್ಲ ಅದರಲ್ಲಿ ಬರೆಯುತ್ತಿದ್ದಳು. "ಮಿಸ್, ಇನ್ನೊಂದು ಐತ್ರೀ" ಎಂದು ಊಟಕ್ಕೆ ಕೂತಾಗಲೂ ಬೆನ್ನು ಹತ್ತುತ್ತಿದ್ದಳು. ಅಯ್ಯೋ, ಇವಳ ಕಾಟವೇ ಎಂದು ರೇಗುತ್ತಿದ್ದೆ. ಆದರೂ ಓದುತ್ತಿದ್ದೆ.

ಶೆಡ್ಡಿನಲ್ಲಿ ಕರೆಂಟು ನೆಟ್ಟಗಿರುತ್ತಿರಲಿಲ್ಲ. ಒಂದು ಭಾನುವಾರ, ಅಮ್ಮ ಕೆಲಸ ಮಾಡುವ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೊರಬರುವಾಗ ಗೇಟಿನ ಸೆಕ್ಯುರಿಟಿಯವನು ಅವಳನ್ನು ಹಿಡಿದ. ಅವಳು ನನ್ನ ನಂಬರ್ ಕೊಟ್ಟಳಂತೆ. ಆಟೋ ಹಿಡಿದು ಹೋದೆ.

"ಕಂಪ್ನಿ ಹೆಸ್ರಿದೆ, ಸ್ಕೂಲ್ ಹೆಸ್ರಿದೆ ಮೇಡಂ. ಈ ಹುಡ್ಗೀದು ಅಂತ ಎಲ್ಲಿದೆ?" ಎಂದ ಅವನು.

"ಅವಳದೇ ಕಣಪ್ಪಾ, ಕೊಡು!" ಎಂದು ಕೂಗಾಡಿದೆ. ಕೊಟ್ಟ. ಸಾರಿ ಕೂಡ ಕೇಳಿದ. ಪಕ್ಕದಲ್ಲೇ ನಿಂತಿದ್ದ ಅವಳ ಅಮ್ಮ ಅವನಿಗೇ ಕೈಮುಗಿದಳು. ಮರುದಿನ ಬೆಳಿಗ್ಗೆ ಅದೇ ಗೇಟಿನಿಂದ ಕೆಲಸಕ್ಕೆ ಬರಬೇಕಿತ್ತು.

ಸೋಮವಾರ ಹುಡುಗಿ ಸೀರೆಯ ಗಂಟನ್ನು ನನ್ನ ಮೇಜಿನ ಮೇಲಿಟ್ಟಳು. "ನಿಮ್ ಬೀರುದಾಗ ಇಡ್ರೀ ಮಿಸ್. ನನಗ ಬ್ಯಾಡ."

"ನಿಂದೇ ಕಣೇ ಅದು."

"ಹಂಗಂತ ಎಲ್ಲಿ ಬರದಾರ್ರೀ?"

ಗಂಟನ್ನು ಎತ್ತಿಕೊಂಡೆ. ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ವರ್ಷದ ಕೊನೆಗೆ ಕಂಪನಿಯವರು ಬಂದು ಎಲ್ಲವನ್ನೂ ನೋಡಿದರು. "ಒಂದೂ ಕಳುವಾಗಿಲ್ಲ, ಸೂಪರ್ ಮೇಡಂ" ಎಂದು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಸಾಲಿನಲ್ಲಿ ನಿಂತಿದ್ದ ಅವಳೂ ತಟ್ಟಿದಳು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಈಗ ನನ್ನ ಊಟದ ಹೊತ್ತಿಗೆ ಯಾರೂ ಅಡ್ಡ ಬರುವುದಿಲ್ಲ.